ಭಾನುವಾರದ ಡೋಲನ್

ಪೆಂಗೆಲಿ, ಪೆನ್ಸಿಲ್ವೇನಿಯಾ
೫ ಅಕ್ಟೋಬರ್ ೧೯೧೫

ಎಮ್ಲಿನ್,

ಕ್ಷೇಮ ಸಮಾಚಾರ ಕೇಳಲು ಈ ಕಾಗದ ಬರೆಯುತ್ತಿಲ್ಲ. ನೀನು ಕ್ಷೇಮವಾಗಿದ್ದೀ ಎಂದು ನಿನ್ನ ಫೋಟೋ ನೋಡಿದರೇ ತಿಳಿಯುತ್ತದೆ.

ಯಾವ ಫೋಟೋ ಎಂದು ಕೇಳಬೇಡ. ಚಾಪೆಲ್ಲಿನ ಹಾರ್ಮೋನಿಯಂ ಎರಡು ವಾರದಿಂದ ಕೆಮ್ಮುತ್ತಿತ್ತು. ರಿಪೇರಿಯವನು ನಿಮ್ಮ ಓಹಾಯೋ ಕಡೆಯಿಂದ ಬಂದ. ಬಾರಿಸುವವಳು ನಾನೇ ಆದ್ದರಿಂದ ಅದನ್ನು ನಮ್ಮ ಅಡುಗೆಮನೆಯ ಮೇಜಿನ ಮೇಲೇ ಬಿಚ್ಚಿದ. ಹೊಸ ರೀಡುಗಳನ್ನು ಸುತ್ತಿ ತಂದಿದ್ದ ಪತ್ರಿಕೆಯನ್ನು ಹರಡಿದ. ಅದರಲ್ಲಿ ಹನ್ನೊಂದು ಜನ ಕೈಕಟ್ಟಿ ನಿಂತಿದ್ದರು. ನಡುವೆ ನಿಂತವನ ಮೂಗು ಎಡಕ್ಕೆ ಸೊಟ್ಟ. ಗಣಿಯ ಕುದುರೆ ಒದ್ದು ಸೊಟ್ಟಗಾದ ಮೂಗು ಈ ದೇಶದಲ್ಲಿ ಇನ್ನೊಂದಿರಲಾರದು. ರಾತ್ರಿಯಿಡೀ ಅದಕ್ಕೆ ಬಿಸಿನೀರಿನ ಬಟ್ಟೆ ಒತ್ತಿದವಳು ನಾನು. ಕೆಳಗೆ ಏನು ಅಚ್ಚಾಗಿತ್ತು ಗೊತ್ತೇ? "ನಮ್ಮ ಜ್ಯಾಕ್ ಡೋಲನ್! ಭಾನುವಾರದ ಫುಟ್‌ಬಾಲ್ ಆಟದಲ್ಲಿ ಮತ್ತೆ ಎರಡು ಗೋಲು!"

ಭಾನುವಾರ, ಎಮ್ಲಿನ್! ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತೇನೆ ಎಂದು ಹೇಳಿ ಹೋದವನು ದೇವರ ದಿನದಂದು ಟಿಕೆಟ್ಟು ಇಟ್ಟು ಕುಣಿಯುತ್ತಿದ್ದೀಯಾ? ಅದೂ ಐರಿಷ್ ಹೆಸರಿನಲ್ಲಿ! ನಮ್ಮ ಅಜ್ಜ ವೇಲ್ಸಿನಿಂದ ಹೊತ್ತು ತಂದದ್ದು ಒಂದು ಬೈಬಲ್ಲು ಮತ್ತು ಒಂದು ಹೆಸರು. ಬೈಬಲ್ಲನ್ನು ನೀನು ಮನೆಯಲ್ಲೇ ಬಿಟ್ಟುಹೋದೆ. ಹೆಸರನ್ನು ಎಲ್ಲಿ ಬಿಟ್ಟೆ?

ಎದುರಿಗೇ ಅಪ್ಪ ಚಹಾ ಕುಡಿಯುತ್ತಿದ್ದ. ಪತ್ರಿಕೆಯನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದ. "ಈ ಐರಿಷರ ಹುಡುಗ ನಿಲ್ಲೋ ರೀತಿ ನೋಡು, ಹುಂಜ ನಿಂತ ಹಾಗೆ" ಎಂದ. ಆಮೇಲೆ ಹಾಳೆಯನ್ನು ಮಗುಚಿ ಹಾಕಿ, "ಹಾರ್ಮೋನಿಯಂ ಮೇಲೆ ಧೂಳು ಬೀಳ್ತದೆ, ಬೇಗ ಮುಚ್ಚಿ" ಎಂದು ರಿಪೇರಿಯವನನ್ನು ಗದರಿದ. ಗುರುತಿಸಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಸಭೆಯ ಹಿರಿಯನಾದ ಮನುಷ್ಯ. ಇದು ಊರಿಗೆ ತಿಳಿದರೆ ಅವನು ಚಾಪೆಲ್ಲಿನ ಮುಂದಿನ ಬೆಂಚಿನಲ್ಲಿ ಹೇಗೆ ಕೂರಬೇಕು?

ಒಂದು ಉಪಕಾರ ಮಾಡು. ಆಡುವುದೇ ಆದರೆ ಆ ಡೋಲನ್ ಆಗಿಯೇ ಸಾಯಿ. ಪ್ರಾಸರ್ ಎಂಬ ಹೆಸರನ್ನು ಆ ಕೆಸರಿಗೆ ಇಳಿಸಬೇಡ.

ನಿನ್ನ ಅಕ್ಕ,
ಕೆಜಾಯಾ


ಕಾಲ್ಡರ್, ಓಹಾಯೋ
೧೨ ಅಕ್ಟೋಬರ್ ೧೯೧೫

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಿಚ್ಚಿದಾಗ ಲಕೋಟೆಯಿಂದ ಹೊಗೆ ಬಂತು. ಬಾಡಿಗೆಮನೆಯ ಯಜಮಾನಿ ಮಿಸೆಸ್ ಕೊವಾಚ್, "ಮನೇಲಿ ಯಾರಾದ್ರೂ ಹೋದ್ರಾ?" ಎಂದು ಕೇಳಿದಳು. "ಇಲ್ಲ, ಎಲ್ಲಾ ಗಟ್ಟಿಯಾಗಿದ್ದಾರೆ" ಎಂದೆ.

ಡೋಲನ್ ನಾನು ಇಟ್ಟುಕೊಂಡ ಹೆಸರಲ್ಲ. ನಮ್ಮ ತಂಡದ ಮ್ಯಾನೇಜರ್ ಹ್ಯಾಗರ್ಟಿ ಇಟ್ಟದ್ದು. ಮೊದಲ ದಿನ ನಾನು ಒದ್ದು ತೋರಿಸಿದ ಮೇಲೆ, "ಹೆಸರೇನು?" ಅಂದ. ಭಾನುವಾರ ಸಬ್ಬತ್ ಮುರಿದು ಆಡುವುದು, ಅಪ್ಪನ ವಿಷಯ, ಎಲ್ಲ ಹೇಳಿದೆ. "ಅಷ್ಟೇನಾ? ಇಲ್ಲಿ ಸ್ವಂತ ಹೆಸರಲ್ಲಿ ಆಡೋನು ಯಾರಿದ್ದಾನಯ್ಯಾ? ಆ ಮೂಲೇಲಿ ಇರೋನು ಪಾದ್ರಿ ಮಗ, ಸಲ್ಲಿವನ್ ಅಂತ ಆಡ್ತಾನೆ. ಮೂರು ಜನ ಸ್ಮಿತ್ ಇದ್ದಾರೆ, ಮೂರೂ ಜನ ಕಾಲೇಜಿನೋರು. ದುಡ್ಡಿಗೆ ಆಡಿದ್ದು ಗೊತ್ತಾದ್ರೆ ಓದು ಖಲಾಸ್. ನಿನಗೆ ಡೋಲನ್ ಇರಲಿ. ಐದನೇ ವಾರ್ಡಿನ ಐರಿಷರೆಲ್ಲ ಟಿಕೆಟ್ ತಗೋತಾರೆ" ಎಂದ. ಹೆಸರಿಡುವ ಶಾಸ್ತ್ರ ಮುಗಿದದ್ದು ಹೀಗೆ.

ಅವನ ಲೆಕ್ಕ ಸರಿಯಾಗಿತ್ತು. ಐದನೇ ವಾರ್ಡು ಇಡೀ ಬರುತ್ತದೆ. ಅಲ್ಲಿ ನಿಜವಾದ ಡೋಲನ್ ಮನೆತನವೊಂದಿದೆ. ಒಬ್ಬ ವಿಧವೆ ಮುದುಕಿ. ಎರಡನೇ ಆಟದ ಮೇಲೆ ಮೈದಾನದ ಸುತ್ತ ಕಟ್ಟಿದ ಹಗ್ಗ ದಾಟಿ ಬಂದು ನನ್ನ ಗಲ್ಲ ಹಿಡಿದು, "ಯಾವ ಸೀಮೆಯವನಪ್ಪಾ ನೀನು?" ಅಂದಳು. ಐರ್ಲೆಂಡಿನ ಒಂದು ಊರಾದರೂ ನೆನಪಾಗಬಾರದೇ? ಗಾಬರಿಯಲ್ಲಿ "ಕಾರ್ಡಿಫ್" ಅಂದುಬಿಟ್ಟೆ. ಅಪ್ಪ ಹುಟ್ಟಿದ ಊರು! ವೇಲ್ಸಿನ ನಟ್ಟನಡುವೆ ಸಿಕ್ಕಿಬಿದ್ದೆ ಎಂದುಕೊಂಡೆ. ಅವಳು ಕಣ್ಣೊರೆಸಿಕೊಂಡು, "ಅಯ್ಯೋ, ಹೊಟ್ಟೆಪಾಡಿಗೆ ನಮ್ಮವರು ಅಲ್ಲಿಗೂ ಹೋದರಾ" ಅಂದಳು. ಅಂದಿನಿಂದ ಭಾನುವಾರ ರಾತ್ರಿ ನನ್ನ ಊಟ ಅವಳ ಮನೆಯಲ್ಲೇ. ಕೋಸು, ಉಪ್ಪುಮಾಂಸ.

ಅಕ್ಕ, ನಿನಗೆ ಇದನ್ನು ಹೇಗೆ ಹೇಳುವುದೋ ತಿಳಿಯದು. ಇದು ಈ ದೇಶದ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದೂ ಓಡುತ್ತಾರೆ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಬಿಟ್ಟು, ಅದು ಪುಟಿದೇಳುವ ಆ ಗಳಿಗೆಯಲ್ಲೇ ಒದೆಯಬೇಕು. ಹತ್ತು ಜನ ನನ್ನ ಮೈಮೇಲೆ ಬರುತ್ತಿರುತ್ತಾರೆ. ಕಂಬಗಳ ನಡುವೆ ಹೋದರೆ ಮೂರು ಅಂಕ. ಇದನ್ನು ಕಲಿಸಿದವನು ಯಾರು? ಕಲ್ಲಿದ್ದಲ ಬೂದಿಗುಡ್ಡೆಯ ಹಿಂದೆ, ಚಿಂದಿ ಸುತ್ತಿದ ಚೆಂಡಿನಲ್ಲಿ, ಅಪ್ಪನೇ. ತಾನು ಆ ದೇಶದಲ್ಲಿ ಆಡಿದ್ದನ್ನು ಅವನು ಆಮೇಲೆ ಬಾಯಿಬಿಟ್ಟು ಹೇಳಲಿಲ್ಲ. ಕಲಿಸಿದ್ದು ಮಾತ್ರ ಕಾಲಿನಲ್ಲಿ ಉಳಿಯಿತು.

ನೀನು ಹೇಳಿದಂತೆಯೇ ಆಗಲಿ. ಪ್ರಾಸರ್ ಹೆಸರು ಕೆಸರಿಗಿಳಿಯುವುದಿಲ್ಲ. ಕೆಸರು ಮೆತ್ತಿಸಿಕೊಳ್ಳುವುದು ಡೋಲನ್ನನ ಪಾಲು. ನಿಜ ಹೇಳಲೇ? ಅವನಾಗಿರುವಾಗ ನನಗೆ ಯಾವ ಹೆದರಿಕೆಯೂ ಇರುವುದಿಲ್ಲ.

ನಿನ್ನ ತಮ್ಮ,
ಎಮ್ಲಿನ್


ಪೆಂಗೆಲಿ
೧ ನವೆಂಬರ್ ೧೯೧೫

ಎಮ್ಲಿನ್,

ನಗಿಸಿದರೆ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದರೆ ಅದು ನಿನ್ನ ಭ್ರಮೆ. ಕಾರ್ಡಿಫ್ ಅಂದೆಯಂತೆ! ಹಿಟ್ಟು ನಾದುವಾಗ ಅದು ನೆನಪಾಗಿ ಒಬ್ಬಳೇ ನಕ್ಕದ್ದು ನಿಜ. ಸಿಟ್ಟು ಇದ್ದಲ್ಲೇ ಇದೆ.

ಅಪ್ಪ ಮೊನ್ನೆ ಊಟಕ್ಕೆ ಕೂತವನು ತಟ್ಟೆ ನೋಡುತ್ತಲೇ ಕೇಳಿದ: "ಈ ದೇಶದ ಚೆಂಡು ಎರಡೂ ತುದೀಲಿ ಚೂಪಂತೆ, ಹೌದಾ?"

"ನನಗೇನು ಗೊತ್ತು?"

"ಹಾಗಿದ್ರೆ ನೆಟ್ಟಗೆ ಬಿಡಬಾರದು. ತುದಿಯನ್ನ ಸ್ವಲ್ಪ ತನ್ನ ಕಡೆ ವಾಲಿಸಿ ಬಿಡಬೇಕು" ಎಂದ. ಆಮೇಲೆ, "ಉಪ್ಪು ಕೊಡು" ಎಂದ.

ಯಾರಿಗೆ ಹೇಳಿದನೋ ಅವನಿಗೆ ತಲುಪಲಿ ಎಂದು ಬರೆದಿದ್ದೇನೆ. ಅವನು ನನಗೆ ಬರೆಯೆಂದು ಹೇಳಲಿಲ್ಲ.

ಕೆಜಾಯಾ


ಕಾಲ್ಡರ್
೧೬ ನವೆಂಬರ್ ೧೯೧೫

ಅಕ್ಕ,

ಈ ಕಾಗದವನ್ನು ಮಲಗಿಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಅಡ್ಡಾದಿಡ್ಡಿಯಾದರೆ ಕ್ಷಮಿಸು.

ಹೋದ ವಾರ ಪಕ್ಕದ ಊರು ಮೆರಿಕ್‌ನ ಮೇಲೆ ಆಟವಿತ್ತು. ಚೆಂಡು ಒದ್ದ ಮೇಲೆ, ಅದು ಕಂಬ ದಾಟಿದ ಮೇಲೆ, ಮೂವರು ಬಂದು ನನ್ನ ಎಡಗಾಲ ಮೇಲೆ ಬಿದ್ದರು. ಮಂಡಿಯೊಳಗೆ ಏನೋ ಹರಿದ ಸದ್ದು ನನಗೇ ಕೇಳಿಸಿತು. ಡಾಕ್ಟರು ಎರಡು ಹಲಗೆ ಕಟ್ಟಿ, "ವಸಂತದವರೆಗೆ ಏಳಬೇಡ" ಎಂದಿದ್ದಾನೆ. ಅದಕ್ಕೆ ನಾನು ಅಳುತ್ತಿಲ್ಲ. ಈ ಆಟ ಆಡುವವರಲ್ಲಿ ಮಂಡಿ ನೆಟ್ಟಗಿರುವವರೇ ಕಡಿಮೆ.

ಮೊನ್ನೆ ಭಾನುವಾರ ನಡೆದದ್ದು ಕೇಳು. ನನ್ನ ಕೋಣೆಯ ಕಿಟಕಿ ಮೈದಾನದ ಕಡೆಗಿದೆ. ಆಟ ಕಾಣುವುದಿಲ್ಲ, ಗದ್ದಲ ಕೇಳುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಇಡೀ ಮೈದಾನ ಕೂಗತೊಡಗಿತು: "ಡೋಲನ್! ಡೋಲನ್!" ನನ್ನನ್ನು ನೆನೆಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ, ಅಕ್ಕ. ಗಾಯಗೊಂಡವನಿಗೆ ಗೌರವ ತೋರುತ್ತಿದ್ದಾರೆ ಎಂದುಕೊಂಡೆ. ಹಾಸಿಗೆಯಲ್ಲಿ ಎದ್ದು ಕೂತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಕಿಟಕಿಯ ಕಡೆ ತಲೆ ಬಾಗಿಸಿದೆ.

ಸಂಜೆ ಮಿಸೆಸ್ ಕೊವಾಚಳ ತಮ್ಮ ಆಟ ನೋಡಿ ಬಂದವನು ಬಾಗಿಲಲ್ಲಿ ನನ್ನನ್ನು ಕಂಡು ಬೆಚ್ಚಿಬಿದ್ದ. "ನೀನು ಇಲ್ಲಿದ್ದೀಯಾ? ಹಾಗಾದ್ರೆ ಇವತ್ತು ಗೋಲು ಹೊಡೆದೋನು ಯಾರು?"

ನನ್ನ ಅಂಗಿಯನ್ನು ಇನ್ನೊಬ್ಬನಿಗೆ ತೊಡಿಸಿ ಇಳಿಸಿದ್ದಾರೆ. ನನ್ನಷ್ಟೇ ಎತ್ತರ, ತಲೆಗೆ ಚರ್ಮದ ಟೋಪಿ, ಮುಖದ ತುಂಬ ಕೆಸರು. ಹಗ್ಗದಾಚೆಯಿಂದ ನೋಡುವವರಿಗೆ ಏನು ಗೊತ್ತಾಗಬೇಕು?

ಹ್ಯಾಗರ್ಟಿಯನ್ನು ಕರೆಸಿದೆ. ಹಣ್ಣಿನ ಬುಟ್ಟಿ ಹಿಡಿದು ಬಂದ. "ಏನಿದು ಹ್ಯಾಗರ್ಟಿ?" ಅಂದೆ.

"ಯಾಕಯ್ಯಾ ಕೂಗ್ತೀಯಾ? ಡೋಲನ್ ಅಂತ ಪೋಸ್ಟರ್ ಹಾಕಿ ಆಗಿತ್ತು. ಡೋಲನ್ ಆಡಲೇಬೇಕಿತ್ತು, ಆಡಿದ."

"ಡೋಲನ್ ನಾನು!"

"ನೀನು ಪ್ರಾಸರ್. ನೀನೇ ಹೇಳಿದ್ದು. ಡೋಲನ್ ನಮ್ಮ ತಂಡದ್ದು, ಆ ಅಂಗಿ ಇದ್ದ ಹಾಗೆ, ಆ ಚೆಂಡು ಇದ್ದ ಹಾಗೆ. ಒಂದಷ್ಟು ದಿನ ನಿನ್ನನ್ನ ಅದರೊಳಗೆ ಇಟ್ಟಿದ್ವಿ" ಎಂದ. ಸೇಬು ಒರೆಸಿ ಕೈಗೆ ಕೊಟ್ಟ.

ನಾನು ಹೊಡೆದ ಒಂದೊಂದು ಗೋಲೂ ಈಗ ಯಾರದು?

ಎಮ್ಲಿನ್


ಪೆಂಗೆಲಿ
೨೨ ನವೆಂಬರ್ ೧೯೧೫

ಕಾಲ್ಡರ್ ಫುಟ್‌ಬಾಲ್ ತಂಡದ ಮ್ಯಾನೇಜರ್ ಮಿಸ್ಟರ್ ಹ್ಯಾಗರ್ಟಿ ಅವರಿಗೆ,

ನಾನು ಎಮ್ಲಿನ್ ಪ್ರಾಸರನ ಅಕ್ಕ. ನಿಮ್ಮ ಆಟವನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಭಾನುವಾರ ಆಡಿಸುವ ನಿಮ್ಮ ಪಾಪವನ್ನು ನೀವೂ ದೇವರೂ ಇತ್ಯರ್ಥ ಮಾಡಿಕೊಳ್ಳಿ. ನಾನು ಕೇಳುವುದು ಬೇರೆ.

ಬಿದ್ದವನನ್ನು ಎತ್ತಿ ಮಲಗಿಸುವ ಮೊದಲೇ ಅವನ ಅಂಗಿ ಬಿಚ್ಚಿ ಇನ್ನೊಬ್ಬನಿಗೆ ತೊಡಿಸಿದಿರಲ್ಲ, ನಿಮ್ಮ ಊರಿನಲ್ಲಿ ಇದಕ್ಕೆ ಏನೆನ್ನುತ್ತಾರೆ? ಗಣಿಯಲ್ಲಿ ಮನುಷ್ಯ ಸತ್ತರೆ ನಮ್ಮ ಯಜಮಾನರು ಅವನ ಜಾಗಕ್ಕೆ ಮರುದಿನವೇ ಬೇರೆಯವನನ್ನು ಇಳಿಸುತ್ತಾರೆ. ಆದರೆ ಅಂಥವರೂ ಹೊಸಬನನ್ನು ಅವನ ಸ್ವಂತ ಹೆಸರಿನಿಂದ ಕರೆಯುತ್ತಾರೆ.

ಈ ಋತುವಿನ ಆ ಗೋಲುಗಳನ್ನು ಹೊಡೆದವನು ಎಮ್ಲಿನ್ ಪ್ರಾಸರ್ ಎಂದು ನಿಮ್ಮ ಊರಿನ ಪತ್ರಿಕೆಯಲ್ಲಿ ಪ್ರಕಟಿಸಿ. ಬೇರೇನೂ ಬೇಡ. ನಿಮ್ಮ ಸೇಬುಗಳೂ ಬೇಡ.

ಮಿಸ್ ಕೆಜಾಯಾ ಪ್ರಾಸರ್


ಕಾಲ್ಡರ್ ಫುಟ್‌ಬಾಲ್ ತಂಡ
ಕಾಲ್ಡರ್, ಓಹಾಯೋ
೨೯ ನವೆಂಬರ್ ೧೯೧೫

ಮಾನ್ಯ ಮಿಸ್ ಪ್ರಾಸರ್ ಅವರಿಗೆ,

ತಮ್ಮ ಕೃಪಾಪತ್ರ ತಲುಪಿತು. ನಮ್ಮ ಕಡತಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಪ್ರಾಸರ್ ಎಂಬ ಹೆಸರಿನ ಯಾವ ವ್ಯಕ್ತಿಯೂ ನಮ್ಮ ತಂಡದಲ್ಲಿ ಎಂದೂ ಆಡಿರುವುದಿಲ್ಲ.

ತಮ್ಮ ಸಹೋದರರು ಬೇಗ ಗುಣಮುಖರಾಗಲೆಂದು ಹಾರೈಸುವ,
ತಮ್ಮ ವಿಧೇಯ,
ಟಿ. ಹ್ಯಾಗರ್ಟಿ


ಕಾಲ್ಡರ್
೨ ಮಾರ್ಚ್ ೧೯೧೬

ಅಕ್ಕ,

ಮೂರು ತಿಂಗಳು ಬರೆಯದಿದ್ದದ್ದು ಬೇಕೆಂದೇ. ನನ್ನನ್ನು ಕೇಳದೆ ನೀನು ಹ್ಯಾಗರ್ಟಿಗೆ ಯಾಕೆ ಬರೆದೆ? ಅವನು ನಿನ್ನ ಕಾಗದವನ್ನು ಕ್ಷೌರದಂಗಡಿಯಲ್ಲಿ ಕುರ್ಚಿಯ ಮೇಲೆ ನಿಂತು ಓದಿದನಂತೆ. ಈಗ ಕಾರ್ಖಾನೆಯ ಕುಲುಮೆಯ ಹತ್ತಿರ ನಾನು ಕುಂಟುತ್ತ ಹೋದರೆ, "ಅಕ್ಕ ಬಂದ್ಲು ಕಣ್ರೋ, ಸೇಬು ಬಚ್ಚಿಡಿ!" ಎನ್ನುತ್ತಾರೆ.

ನೀನೇ ಅಲ್ಲವೇ ಡೋಲನ್ ಆಗಿಯೇ ಸಾಯಿ ಎಂದು ಬರೆದವಳು? ಸತ್ತಾಯಿತು. ಈಗ ಹೆಣವನ್ನು ಎಳೆದು ಪ್ರಾಸರ್ ಎಂದು ಹೆಸರು ಬರೆಯಬೇಕೇ?

ಹೊಸ ಡೋಲನ್ ನನ್ನನ್ನು ನೋಡಲು ಬಂದಿದ್ದ. ಯಾವುದೋ ದೈವಶಾಸ್ತ್ರದ ಕಾಲೇಜಿನ ಹುಡುಗ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಬಾಗಿಲಲ್ಲೇ ನಿಂತು, "ಕ್ಷಮಿಸಿ, ಡೋಲನ್ ಅಂದ್ರೆ ನೀವೇನಾ ಸಾರ್?" ಎಂದ.

"ಅಲ್ಲಪ್ಪಾ, ನೀನು" ಎಂದೆ.

ಅವನ ಮುಖ ಕೆಂಪಾಯಿತು. "ನನ್ನ ಒದೆತ ಎಡಕ್ಕೆ ಹೋಗುತ್ತೆ ಸಾರ್. ಜನ ಸಿಳ್ಳೆ ಹಾಕಿ ಗೇಲಿ ಮಾಡ್ತಾರೆ. ನೀವು ಹೇಗೆ ಬಿಡ್ತಿದ್ರಿ ಅಂತ ಒಂದು ಸಲ ತೋರಿಸಿಕೊಟ್ರೆ..."

ಬಯ್ಯೋಣವೆಂದು ಬಾಯಿ ತೆರೆದೆ. ಬಯ್ಯಲು ಮೊದಲು ಹೆಸರು ಬೇಕಲ್ಲ? "ನಿನ್ನ ಹೆಸರೇನು?" ಎಂದೆ. "ಹೇಳೋ ಹಾಗಿಲ್ಲ ಸಾರ್, ಕಾಲೇಜಿಂದ ತೆಗೆದುಹಾಕ್ತಾರೆ." ಹೆಸರಿಲ್ಲದವನನ್ನು ಹೇಗೆ ಬಯ್ಯುವುದು, ನೀನೇ ಹೇಳು. ತೋರಿಸಿಯೂ ಕೊಡಲಿಲ್ಲ. ಮಂಡಿ ನೋಯುತ್ತದೆ ಎಂದೆ. ಅದು ಸುಳ್ಳಲ್ಲ.

ಇನ್ನು ಯಾರಿಗೂ ಬರೆಯಬೇಡ.

ಎಮ್ಲಿನ್


ಪೆಂಗೆಲಿ
೧೧ ಮಾರ್ಚ್ ೧೯೧೬

ಎಮ್ಲಿನ್,

ಬರೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಕುರ್ಚಿಯ ಮೇಲೆ ನಿಂತು ಓದಿದ್ದರೆ ಇನ್ನೂ ಒಳ್ಳೆಯದು, ಕ್ಷೌರಕ್ಕೆ ಬಂದವರೆಲ್ಲರೂ ಕೇಳಿಸಿಕೊಂಡರು.

ಪ್ರಾಸರ್ ಎಂಬ ಹೆಸರನ್ನು ಮುಚ್ಚಿಡು ಎಂದು ಹೇಳುವ ಹಕ್ಕು ನನಗಿತ್ತು. ನಾನು ಆ ಮನೆಯವಳು. ಅಂಥವನು ಇರಲೇ ಇಲ್ಲ ಎಂದು ಹೇಳುವ ಹಕ್ಕು ಆ ಹ್ಯಾಗರ್ಟಿಗೆ ಯಾರು ಕೊಟ್ಟರು? ಅವೆರಡೂ ಒಂದೇ ಎಂದು ನಿನಗೆ ಅನ್ನಿಸಿದರೆ ನಿನ್ನ ಮಂಡಿಯ ಜೊತೆಗೆ ತಲೆಯನ್ನೂ ಡಾಕ್ಟರಿಗೆ ತೋರಿಸು.

ಹ್ಯಾಗರ್ಟಿಯ ಉತ್ತರವನ್ನು ಅಪ್ಪ ಓದಿದ. "ಪ್ರಾಸರ್ ಎಂಬ ಹೆಸರಿನ ಯಾವ ವ್ಯಕ್ತಿಯೂ" ಎಂಬಲ್ಲಿ ಬೆರಳಿಟ್ಟು ಬಹಳ ಹೊತ್ತು ಕೂತಿದ್ದ. ಆ ಭಾನುವಾರ ಚಾಪೆಲ್ಲಿನಲ್ಲಿ ಕೀರ್ತನೆ ಎತ್ತಿಕೊಡಬೇಕಾದವನು ಸುಮ್ಮನೆ ನಿಂತುಬಿಟ್ಟ. ನಾನು ಎರಡು ಸಲ ಶ್ರುತಿ ಕೊಡಬೇಕಾಯಿತು.

ಕೆಜಾಯಾ


ಮೆರಿಕ್, ಓಹಾಯೋ
೧೪ ನವೆಂಬರ್ ೧೯೧೬

ಪ್ರೀತಿಯ ಅಕ್ಕ,

ವಿಳಾಸ ನೋಡು. ಕಾಲ್ಡರ್ ಬಿಟ್ಟೆ. ನನ್ನ ಮಂಡಿ ಮುರಿದವರ ಊರಿಗೇ ಬಂದಿದ್ದೇನೆ.

ಇಲ್ಲಿಯ ಮ್ಯಾನೇಜರ್ ಲುಟ್ಜ್ ಎಂಬ ಜರ್ಮನ್ ದಢೂತಿ. ಬೇಕರಿಯವನು. ನಾನು ಹೋಗಿ, ಕಾಲ್ಡರಿನ ಡೋಲನ್ ನಾನೇ ಎಂದಾಗ ಹೊಟ್ಟೆ ಕುಣಿಸಿ ನಕ್ಕ. "ಈ ವರ್ಷ ಬಂದ ನಾಲ್ಕನೇ ಡೋಲನ್ ನೀನು. ಮೊನ್ನೆ ಬಂದವನಿಗೆ ಚೆಂಡಿನ ತಲೆ ಯಾವುದು ಬಾಲ ಯಾವುದು ಗೊತ್ತಿರಲಿಲ್ಲ."

ಮಾತು ಬೇಡ ಎಂದು ಬೇಕರಿಯ ಹಿಂದಿನ ಬಯಲಿಗೆ ಹೋಗಿ ಒದ್ದು ತೋರಿಸಿದೆ. ಅಪ್ಪ ಹೇಳಿ ಕಳಿಸಿದಂತೆ ತುದಿಯನ್ನು ನನ್ನ ಕಡೆ ವಾಲಿಸಿ. (ಹೇಳಿ ಕಳಿಸಲಿಲ್ಲ, ಗೊತ್ತು.) ಲುಟ್ಜ್ ನಗು ನಿಲ್ಲಿಸಿದ. ಮಾರನೆಯ ದಿನವೇ ಊರ ತುಂಬ ಪೋಸ್ಟರು: "ನಿಜವಾದ ಡೋಲನ್ ಇರುವುದು ಮೆರಿಕ್‌ನಲ್ಲಿ!"

ಬೇಕರಿಗೆ ನುಗ್ಗಿ, "ನಾನು ಪ್ರಾಸರ್. ಪ್ರಾಸರ್ ಅಂತ ಆಡ್ತೀನಿ, ಇಲ್ಲಾಂದ್ರೆ ಆಡಲ್ಲ" ಎಂದೆ.

"ನಿನಗೆ ತಲೆ ಕೆಟ್ಟಿದೆಯಾ? ಎರಡು ಊರು ಒಬ್ಬ ಡೋಲನ್‌ಗೆ ಕಿತ್ತಾಡಿದ್ರೆ ಮೈದಾನ ತುಂಬಿ ತುಳುಕುತ್ತೆ. ಪ್ರಾಸರ್‌ನ ನೋಡೋಕೆ ಯಾರು ಬರ್ತಾರೆ? ನಮ್ಮಮ್ಮನೂ ಬರಲ್ಲ."

ಒಂದು ಗಂಟೆ ಜಗಳವಾಯಿತು. ನಡುನಡುವೆ ಅವನು ಗಿರಾಕಿಗಳಿಗೆ ಬ್ರೆಡ್ಡು ಕಟ್ಟಿಕೊಡುತ್ತಿದ್ದ. ಕೊನೆಗೆ ಒಪ್ಪಿದ್ದು ಇಷ್ಟು: ಈ ಮೂವತ್ತರಂದು ಕೃತಜ್ಞತಾ ಹಬ್ಬದ ದಿನ ಕಾಲ್ಡರ್ ಮೇಲೆ ಆಟ. ಅದೊಂದನ್ನು ಪ್ರಾಸರ್ ಆಗಿ ಆಡಬಹುದು. ಮರುದಿನ ಪತ್ರಿಕೆಯಲ್ಲಿ ಪ್ರಾಸರ್ ಹೆಸರು ಬಂದು ಜನ ಮಾತಾಡಿಕೊಂಡರೆ ಮುಂದಿನ ವರ್ಷಕ್ಕೂ ಪ್ರಾಸರನಾಗಿಯೇ ಕರಾರು. ಇಲ್ಲದಿದ್ದರೆ ಡೋಲನ್ ಆಗಬೇಕು, ಅಥವಾ ಕುಲುಮೆಗೆ ಮರಳಬೇಕು. ಸತ್ತರೂ ನಾನಿನ್ನು ಡೋಲನ್ ಆಗಲಾರೆ, ಅಕ್ಕ.

ಅಪ್ಪನಿಗೆ ಹೇಳು ಎಂದು ನಾನು ಕೇಳುತ್ತಿಲ್ಲ. ಆದರೆ ಹಬ್ಬ ಬರುವುದು ಗುರುವಾರ. ಗುರುವಾರ ಯಾರ ಸಬ್ಬತ್ತೂ ಅಲ್ಲ.

ನಿನ್ನ ತಮ್ಮ,
ಎಮ್ಲಿನ್ ಪ್ರಾಸರ್


ಪೆಂಗೆಲಿ
೪ ಡಿಸೆಂಬರ್ ೧೯೧೬

ಎಮ್ಲಿನ್,

ಮೈದಾನದ ಒಳಗೆ ಆದದ್ದು ನಿನಗೆ ಗೊತ್ತು. ಹಗ್ಗದ ಹೊರಗೆ ಆದದ್ದನ್ನು ನಾನು ಹೇಳುತ್ತೇನೆ. ನಾನೂ ಅಪ್ಪನೂ ಬಂದಿದ್ದೆವು. ನೀನು ನಮ್ಮನ್ನು ಕಂಡಿದ್ದರೆ, ಆಟ ಮುಗಿದ ಮೇಲೆ ಒಂದು ಮಾತೂ ಆಡದೆ ಹೊರಟುಬಿಟ್ಟೆವೆಂದು ಮುನಿಸಿಕೊಂಡಿರುತ್ತೀ.

ಬುಧವಾರ ರಾತ್ರಿಯವರೆಗೂ ಅಪ್ಪ ಬರುತ್ತೇನೆ ಎನ್ನಲಿಲ್ಲ. ಬೆಳಿಗ್ಗೆ ನೋಡಿದರೆ ಚಾಪೆಲ್ಲಿನ ಕರಿ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ನೀನೊಬ್ಬಳೇ ರೈಲಲ್ಲಿ ಹೋಗೋದು ಸರಿಯಲ್ಲ" ಎಂದ. ಹೋಗುತ್ತೇನೆ ಎಂದು ನಾನು ಹೇಳಿಯೇ ಇರಲಿಲ್ಲ.

ಮೈದಾನದಲ್ಲಿ ಜಾಗ ಸಿಕ್ಕಿದ್ದು ಕಾಲ್ಡರ್ ಕಡೆಯವರ ಮಧ್ಯೆ. ಪಕ್ಕದಲ್ಲಿ ಹಸಿರು ಶಾಲು ಹೊದ್ದ ಒಬ್ಬ ಮುದುಕಿ ಬುತ್ತಿ ಬಿಚ್ಚಿಕೊಂಡಿದ್ದಳು. ಎಲ್ಲರೂ ಅವಳನ್ನು ಮಿಸೆಸ್ ಡೋಲನ್ ಎನ್ನುತ್ತಿದ್ದರು. ಅವಳೇ! ಅವಳು ಯಾರೆಂದು ಅಪ್ಪನಿಗೆ ಗೊತ್ತಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಶವಸಂಸ್ಕಾರಕ್ಕೆ ಬಂದವನಂತೆ ನಿಂತಿದ್ದ.

ನೀವೆಲ್ಲ ಒಬ್ಬರ ಮೇಲೊಬ್ಬರು ಬೀಳುವುದು, ಏಳುವುದು, ಮತ್ತೆ ಬೀಳುವುದು. ನನಗೆ ತಲೆಬುಡ ತಿಳಿಯಲಿಲ್ಲ. ಕಾಲ್ಡರಿನವರು ಹೇಗೋ ಆರು ಅಂಕ ಮಾಡಿದರು. ಆಮೇಲೆ ಆ ಹುಡುಗ ಡೋಲನ್ ಒದ್ದ ಚೆಂಡು ಎಡಕ್ಕೆ ಹೋಯಿತು. ಅವನ ಕಡೆಯವರೇ ಸಿಳ್ಳೆ ಹಾಕಿ ಗೇಲಿ ಮಾಡಿದರು. ಪಾಪ ಎನ್ನಿಸಿತು ನನಗೆ. ನೀನು ಒದ್ದದ್ದು ಆಮೇಲೆ. ಚೆಂಡು ಕಂಬಗಳ ನಡುವೆ ಹೋದದ್ದು ನನಗೂ ಕಂಡಿತು.

ನಮ್ಮ ಸುತ್ತ ಇದ್ದವರೆಲ್ಲ ಐರಿಷರು. ಎದುರಾಳಿಯ ಗೋಲು, ಅವರು ಸುಮ್ಮನಿರಬೇಕಲ್ಲವೇ? ಮಿಸೆಸ್ ಡೋಲನ್ ಬುತ್ತಿ ಕೆಳಗಿಟ್ಟು ಎದ್ದಳು. "ಅದು ನಮ್ಮ ಹುಡುಗ! ಆ ಒದೆತ ನೋಡಿ! ನಮ್ಮ ಕಡೆ ಇರೋನು ಯಾವನೋ ಕಳ್ಳ, ಇವನೇ ನಮ್ಮ ಡೋಲನ್!" ಅಷ್ಟೇ. ಐದನೇ ವಾರ್ಡಿಗೆ ವಾರ್ಡೇ ಕೂಗಿತು: "ಡೋಲನ್! ಡೋಲನ್!" ಇನ್ನೊಂದು ಊರಿನ ಅಂಗಿ ತೊಟ್ಟ ನಿನಗೆ. ಅದನ್ನು ಕೇಳಿ ಹ್ಯಾಗರ್ಟಿ ಮೂರ್ಛೆ ಹೋಗಿರಬೇಕು.

"ನಿಮ್ಮ ಹುಡುಗ ಅಲ್ಲ ಅದು, ಅಮ್ಮಾ" ಎಂದ ಅಪ್ಪ.

"ಅಲ್ಲದೆ? ವರ್ಷವಿಡೀ ನನ್ನ ಮೇಜಿನ ಮೇಲೆ ಉಂಡಿದ್ದಾನೆ. ಕಾರ್ಡಿಫಿನ ಡೋಲನ್ ಕಣ್ರೀ!"

"ಕಾರ್ಡಿಫ್!" ಎಂದ ಅಪ್ಪ. ಅವನ ಕಿವಿ ಕೆಂಪಾಯಿತು. "ಕಾರ್ಡಿಫ್ ನನ್ನ ಊರು! ಅವನ ಹೆಸರು ಪ್ರಾಸರ್!"

"ನೀವ್ಯಾರ್ರೀ ಹೇಳೋಕೆ?"

ಅಪ್ಪ ಬಾಯಿ ತೆರೆದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ, ಎಮ್ಲಿನ್. ಮುಚ್ಚಿಕೊಂಡ. ಆಮೇಲೆ ಮೈದಾನದ ಕಡೆ ತಿರುಗಿ, ಕೀರ್ತನೆ ಎತ್ತಿಕೊಡುವ ಆ ಗಂಟಲಿನಲ್ಲಿ, "ಪ್ರಾಸರ್!" ಎಂದು ಕೂಗಿದ. ಒಬ್ಬನೇ. ಅವರೆಲ್ಲ ಡೋಲನ್ ಎನ್ನುವುದು, ಇವನೊಬ್ಬ ಪ್ರಾಸರ್ ಎನ್ನುವುದು. ನಾನೂ ಕೂಗಿದೆ. ಇಬ್ಬರ ದನಿ ಎಲ್ಲಿಗೆ ಸಾಲಬೇಕು? ನಿನಗೆ ಖಂಡಿತ ಕೇಳಿಸಿರಲಾರದು.

ಕೊನೆಯಲ್ಲಿ ನೀನು ಎರಡನೆಯ ಸಲ ಒದ್ದಾಗ ಅಪ್ಪ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಹೋಗಿದ್ದರೆ ಆರಕ್ಕೆ ಆರು, ಆಟ ಸಮ. ಹೋಗಲಿಲ್ಲ. "ಆ ಎಡಗಾಲು ಭಾರ ತಡೀತಿಲ್ಲ ಅವನಿಗೆ" ಎಂದ. ತಕ್ಷಣ, "ನಡಿ, ರೈಲು ತಪ್ಪುತ್ತೆ" ಎಂದು ನನ್ನ ತೋಳು ಹಿಡಿದು ಎಳೆದುಕೊಂಡು ಹೊರಟ. ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಪ್ಲಾಟ್‌ಫಾರಂ ಮೇಲೆ ನನಗೆ ಬೆನ್ನು ಮಾಡಿ ನಿಂತಿದ್ದ.

ನೀನು ಕಳಿಸಿದ ಮೆರಿಕ್ ಪತ್ರಿಕೆ ಮೊನ್ನೆ ಬಂತು. "ಮೆರಿಕ್‌ನ ಒಂದೇ ಗೋಲನ್ನು ಹೊಡೆದವನು ನಿಜವಾದ ಡೋಲನ್, ಸೋಲು ತಪ್ಪಿಸುವ ಆಸೆಯನ್ನು ಕೆಡಿಸಿದವನು ಪ್ರೆಸರ್ ಎಂಬ ಹೊಸಬ." ಎಂಥ ಜನ ಇವರು! ಒಬ್ಬನೇ ಮನುಷ್ಯನನ್ನು ಸೀಳಿ, ಒಳ್ಳೆಯದನ್ನೆಲ್ಲ ಇಲ್ಲದವನಿಗೆ ಕೊಟ್ಟು, ತಪ್ಪನ್ನು ಮಾತ್ರ ನಮಗೆ ಬಿಟ್ಟಿದ್ದಾರೆ. ಅದನ್ನಾದರೂ ಸರಿಯಾದ ಹೆಸರಿಗೆ ಬಿಟ್ಟಿದ್ದಾರೆಯೇ? ಇದನ್ನು ಹಿಡಿದುಕೊಂಡು ನಿನ್ನ ಲುಟ್ಜ್ ಏನು ಹೇಳುತ್ತಾನೆಂದು ನನಗೆ ಗೊತ್ತು.

ಸಂಪಾದಕನಿಗೆ ಬರೆಯಲು ನಾನು ಕಾಗದ ತೆಗೆದುಕೊಂಡಿದ್ದೆ. ನೀನು ಬೇಡವೆಂದಿದ್ದರೂ ಬರೆಯುತ್ತಿದ್ದೆ. ಅಪ್ಪ ಬಂದು ನನ್ನ ಕೈಯಿಂದ ಲೇಖನಿ ಕಿತ್ತುಕೊಂಡ.

"ಏಳು" ಎಂದ.

ಈಗ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಾನೆ. ನಾಲ್ಕು ಹಾಳೆ ಹರಿದು ಹಾಕಿದ್ದಾನೆ. ಬರೆದದ್ದನ್ನು ನಕಲು ಮಾಡಿ ನಿನಗೂ ಒಂದು ಕಳಿಸುತ್ತೇನೆ. ಹಾಗೆ ಮಾಡು ಎಂದು ಅವನು ಹೇಳಿಲ್ಲ, ಬೇಡವೆಂದೂ ಹೇಳಿಲ್ಲ.

ನಿನ್ನ ಅಕ್ಕ,
ಕೆಜಾಯಾ


ಪೆಂಗೆಲಿ, ಪೆನ್ಸಿಲ್ವೇನಿಯಾ
೪ ಡಿಸೆಂಬರ್ ೧೯೧೬

ಮೆರಿಕ್ ಪತ್ರಿಕೆಯ ಸಂಪಾದಕರಿಗೆ,

ಅಯ್ಯಾ,

ನಾನು ಕಲ್ಲಿದ್ದಲು ಅಗೆಯುವವನು. ನಿಮ್ಮ ಭಾಷೆ ನನಗೆ ಚೆನ್ನಾಗಿ ಬಾರದು. ಆದರೂ ನೀವು ಬರೆದದ್ದು ಸುಳ್ಳು ಎಂದು ತಿಳಿಯುವಷ್ಟು ಬರುತ್ತದೆ.

ಗುರುವಾರದ ಆಟದಲ್ಲಿ ನಾನು ಹಾಜರಿದ್ದೆ. ನಿಮ್ಮ ಊರಿನ ಪರವಾಗಿ ಗೋಲು ಹೊಡೆದವನು ಡೋಲನ್ ಅಲ್ಲ. ಅಂಥ ಮನುಷ್ಯ ಇಲ್ಲ. ಹೊಡೆದವನು ಎಮ್ಲಿನ್ ಪ್ರಾಸರ್. ಪ್ರೆಸರ್ ಅಲ್ಲ, ಪ್ರಾಸರ್. ಕೊನೆಯ ಒದೆತವನ್ನು ತಪ್ಪಿಸಿದವನೂ ಅವನೇ. ಒಡೆದ ಮಂಡಿಯ ಮೇಲೆ ನಿಂತು ಒದ್ದ, ತಪ್ಪಿತು. ನಾನು ಅದಕ್ಕೆ ನೆಪ ಹೇಳುತ್ತಿಲ್ಲ. ಗೋಲನ್ನು ಒಬ್ಬನಿಗೂ ತಪ್ಪನ್ನು ಇನ್ನೊಬ್ಬನಿಗೂ ಹಂಚಲು ನೀವು ಯಾರು? ಎರಡನ್ನೂ ಅವನ ಹೆಸರಿಗೇ ಬರೆಯಿರಿ. ಅಂದಿನಷ್ಟೇ ದೊಡ್ಡ ಅಕ್ಷರದಲ್ಲಿ, ಅದೇ ಪುಟದಲ್ಲಿ ಬರೆಯಿರಿ.

ಸಬ್ಬತ್ ದಿನ ಆಡುವುದು ಪಾಪವೆಂದು ನನ್ನ ನಂಬಿಕೆ. ಅದನ್ನು ನಾನು ಅವನಿಗೆ ಎದುರೆದುರು ಕೂತು ಹೇಳುತ್ತೇನೆ. ಅದು ನಮ್ಮ ಮನೆಯ ಮಾತು, ನಿಮಗೆ ಸಂಬಂಧಿಸಿದ್ದಲ್ಲ.

ಆ ದಿನ ಹಗ್ಗದ ಪಕ್ಕದಲ್ಲಿ ಒಬ್ಬ ಹೆಂಗಸು, ಇದನ್ನು ಹೇಳಲು ನೀವು ಯಾರು ಎಂದು ನನ್ನನ್ನು ಕೇಳಿದಳು. ನೀವೂ ಹಾಗೆ ಕೇಳಬಹುದು. ಆದ್ದರಿಂದ ಕೆಳಗೆ ಬರೆದಿದ್ದೇನೆ. ಇದನ್ನೂ ಅಚ್ಚು ಹಾಕಿ.

ಓಬದ್ಯ ಪ್ರಾಸರ್,
ಆಟಗಾರ ಎಮ್ಲಿನ್ ಪ್ರಾಸರನ ತಂದೆ